ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ

ಕಳೆದ ತಿಂಗಳು ವಾಚಕ ಸೋದರಿಯೊಬ್ಬರು ನಮಗೆ ಪತ್ರ ಬರೆದು ತಮ್ಮ ಮನೆಯ ಚಿಂತೆಯೊಂದನ್ನು ತೋಡಿಕೊಂಡಿರುವರು. ಅವರ ಮಗನಿಗೆ ಐದು ವರ್ಷ ತುಂಬಿ ಆರು ತಿಂಗಳಾಯಿತು. ಹುಡುಗನು ವರ್ಣಮಾಲೆಯನ್ನು ಅಕಾರದಿಂದ ಳಕಾರದವರೆಗೆ ಎಲ್ಲಿಯೂ ತಡವರಿಸದೆ ಒಪ್ಪಿಸುವನು. ಸ್ಲೇಟಿನ ಮೇಲೆ ಬರೆಯಲೂ ಬಲ್ಲನು. ಆದರೆ ಅಂಗಡಿಯ ಹಲಗೆಯ ಮೇಲಿರುವ ಮೂರಕ್ಷರದ ಮಾತೊಂದನ್ನು ತೋರಿಸಿ ಓದೆಂದರೆ ಸುಮ್ಮನೆ ತಾಯಿಯ ಮುಖವನ್ನು ನೋಡುವನು. "ಮಗುವಿನ ಬುದ್ಧಿಯೇ ಮಂದವೋ, ನಾವು ಕಲಿಸಿದ ಕ್ರಮವೇ ತಪ್ಪೋ?" ಎಂಬುದು ಆ ತಾಯಿಯ ಪ್ರಶ್ನೆ.

ಈ ಪತ್ರವನ್ನು ಓದುವಾಗ ನನ್ನ ಮನೆಯ ಕಥೆಯನ್ನೇ ಇನ್ನೊಬ್ಬರು ಬರೆದಿರುವರೋ ಎಂಬ ಭ್ರಾಂತಿಯಾಯಿತು. ಪರರಿಗೆ ಬುದ್ಧಿ ಹೇಳುವ ಮುನ್ನ ಸ್ವಂತ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯವಾದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ನನ್ನ ಹಿರಿಯ ಮಗನಿಗೆ ನಾಲ್ಕು ವರ್ಷ ತುಂಬುವ ಮೊದಲೇ ನಾನು ಅಕ್ಷರದ ಪುಸ್ತಕವನ್ನು ತಂದೆನು. ನೆರೆಮನೆಯ ಹುಡುಗಿ ಆಗಲೇ ಬರೆಯುತ್ತಿದ್ದಳು ಎಂಬುದೇ ನನ್ನ ಅವಸರಕ್ಕೆ ಕಾರಣ. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಪಾಠ. ಅಕಾರಕ್ಕೆ ಅರಸನ ಚಿತ್ರ, ಆಕಾರಕ್ಕೆ ಆನೆಯ ಚಿತ್ರ. ನಾನು ಬೆರಳಿಟ್ಟು ತೋರಿಸುವುದು, ಅವನು ಹೇಳುವುದು. ಎರಡು ತಿಂಗಳಲ್ಲಿ ಪುಸ್ತಕ ಮುಗಿಯಿತು. ಬಂದವರ ಮುಂದೆಲ್ಲ ಅವನನ್ನು ನಿಲ್ಲಿಸಿ ಓದಿಸಿದೆನು. ಅವರು ಹೊಗಳಿದಾಗ ಹಿಗ್ಗಿದೆನು. ಒಂದು ಸಂಜೆ, ಏನೋ ತೋರಿ, ಚಿತ್ರವನ್ನು ಅಂಗೈಯಿಂದ ಮುಚ್ಚಿ ಅಕ್ಷರವನ್ನು ಮಾತ್ರ ತೋರಿಸಿ, "ಇದೇನಪ್ಪ?" ಎಂದೆನು. ಹುಡುಗನು ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ಕೈ ತೆಗಿ, ಕಾಣಿಸೋದಿಲ್ಲ" ಎಂದನು!

ಆ ಒಂದು ಮಾತಿನಲ್ಲಿ ಎರಡು ತಿಂಗಳ ಪಾಠದ ಬಂಡವಾಳವೆಲ್ಲ ಬಯಲಾಯಿತು. ಅವನು ಓದಿದ್ದು ಚಿತ್ರವನ್ನು. ಒಪ್ಪಿಸಿದ್ದು ನನ್ನ ಬಾಯ ಮಾತನ್ನು. ಅಕ್ಷರವು ಅವನ ಪಾಲಿಗೆ ಚಿತ್ರದ ಪಕ್ಕದಲ್ಲಿರುವ ಕಪ್ಪು ಗೆರೆಯಾಗಿತ್ತು, ಅಷ್ಟೆ. ಆಗಲಾದರೂ ನನಗೆ ವಿವೇಕ ಬರಬೇಕಾಗಿತ್ತು, ಬಂದದ್ದು ಕೋಪ. ಮರುದಿನದಿಂದ ಒಂದೊಂದು ಅಕ್ಷರವನ್ನು ನೂರು ಸಲ ತಿದ್ದಿಸತೊಡಗಿದೆನು. ಒಂದು ದಿನ ಅಡಿಕೋಲಿನಿಂದ ಬೆರಳ ಗೆಣ್ಣಿಗೆ ಹೊಡೆದದ್ದೂ ಉಂಟು. ಅದಾದ ವಾರದಲ್ಲಿ ಪುಸ್ತಕ ಕಾಣೆಯಾಯಿತು. ಹಾಸಿಗೆಗಳನ್ನು ಬಿಸಿಲಿಗೆ ಹಾಕಲೆಂದು ಎತ್ತಿದಾಗ ಎಲ್ಲಕ್ಕೂ ಕೆಳಗೆ, ಗೋಡೆಯ ಮೂಲೆಯಲ್ಲಿ ಅದು ಸಿಕ್ಕಿತು. ಐದು ವರ್ಷವಾಗದ ಮಗು ಪುಸ್ತಕವನ್ನು ಬಚ್ಚಿಡುವ ಹಾಗೆ ಮಾಡಿದವಳು ನಾನು.

ಆ ದಿನ ನಮ್ಮ ಅತ್ತೆಯವರು ಒಂದು ಮಾತು ಹೇಳಿದರು. ಅವರು ಹೆಚ್ಚು ಓದಿದವರಲ್ಲ. ಕಥೆಗಳನ್ನು ಮಾತ್ರ ರಾಶಿ ರಾಶಿಯಾಗಿ ಬಲ್ಲವರು. "ಬಾವೀಲಿ ನೀರು ಬರೋಕ್ಕೆ ಮುಂಚೆ ಕೊಡ ಇಳಿಸಿದರೆ ಏನು ಸಿಕ್ಕೀತು ಹೇಳಮ್ಮ? ಮೂರು ತಿಂಗಳು ಆ ಪುಸ್ತಕ ಎತ್ತಿಡು. ಮಗು ನನ್ನ ಹತ್ತಿರ ಕಥೆ ಕೇಳಲಿ" ಎಂದರು. ನಾನು ಎತ್ತಿಟ್ಟೆನು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ಮಾತಿನ ವಿಸ್ತಾರವೇ: ಓದು ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ, ಕಡೆಯಲ್ಲಿ ಕೈಗೆ ಬರತಕ್ಕದ್ದು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಮಗು ಅಕ್ಷರವನ್ನು ಕಲಿತೀತು, ಓದನ್ನು ಕಲಿಯದು.

ಮೊದಲು ಕಿವಿಯ ವಿಚಾರ. ನಮ್ಮ ಲಿಪಿಯಲ್ಲಿ ಒಂದೊಂದು ಅಕ್ಷರವೂ ಉಚ್ಚಾರಣೆಯ ಒಂದೊಂದು ತುಂಡಿಗೆ ಸಂಕೇತವಾಗಿರುವುದಷ್ಟೆ. 'ಕಮಲ' ಎಂಬಲ್ಲಿ ಬಾಯಿ ಎಷ್ಟು ಸಲ ತೆರೆಯುವುದೋ ಬರೆಹದಲ್ಲಿಯೂ ಅಷ್ಟೇ ಅಕ್ಷರಗಳು. ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ ಎಂಬ ಇಂಗ್ಲಿಷಿನ ತೊಡಕು ನಮ್ಮಲ್ಲಿಲ್ಲ. ಆದಕಾರಣ ಮಾತನ್ನು ತುಂಡುಮಾಡಿ ಕೇಳುವುದನ್ನು ಅಭ್ಯಾಸಮಾಡಿದ ಮಗುವಿಗೆ ಕನ್ನಡದ ಓದು ಅರ್ಧ ಬಂದಂತೆಯೇ. ಇದಕ್ಕೆ ಪುಸ್ತಕವೂ ಬೇಡ, ಬಳಪವೂ ಬೇಡ. ಮಗುವಿನ ಹೆಸರನ್ನು ಹೇಳುತ್ತ ಅಕ್ಷರಕ್ಕೊಂದು ಚಪ್ಪಾಳೆ ತಟ್ಟಿಸಿರಿ. ಕಮಲ ಎಂದರೆ ಮೂರು ಚಪ್ಪಾಳೆ. ತೆಂಗಿನಕಾಯಿ ಎಂದರೆ ಐದು. ಅಡುಗೆಮನೆಯಲ್ಲಿ ಕೆಲಸಮಾಡುತ್ತಲೇ, "ಸ ಅಂತ ಶುರುವಾಗೋ ಸಾಮಾನು ಯಾವುದು ಹೇಳು ನೋಡೋಣ" ಎಂದು ಕೇಳಿರಿ. ಸಕ್ಕರೆ, ಸಟ್ಟುಗ, ಸಬ್ಬಕ್ಕಿ ಎಂದು ಮಗು ಹುಡುಕತೊಡಗುವುದು. ಮೂರು ನಾಲ್ಕು ವರ್ಷದ ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ಆಟ ಬೇರೆ ಬೇಕಿಲ್ಲ.

ಇದರ ಜೊತೆಗೆ ಹಾಡು, ಒಗಟು, ಕಥೆಗಳು ದಿನವೂ ನಡೆಯುತ್ತಿರಬೇಕು. ಪಂಜೆ ಮಂಗೇಶರಾಯರೂ (1874–1937) ಜಿ. ಪಿ. ರಾಜರತ್ನಂ ಅವರೂ (1908–1979) ನಮ್ಮ ಮಕ್ಕಳಿಗಾಗಿ ಬರೆದಿಟ್ಟ ಪದ್ಯಗಳು ಈ ಕೆಲಸಕ್ಕೆ ಅಮೂಲ್ಯವಾದುವು. ಪ್ರಾಸವನ್ನು ಕೇಳಿ ಕೇಳಿ ಪಳಗಿದ ಕಿವಿಯು, ಎರಡು ಮಾತುಗಳಲ್ಲಿ ಯಾವುದು ಒಂದೇ, ಯಾವುದು ಬೇರೆ ಎಂಬುದನ್ನು ತಾನಾಗಿ ಗುರುತಿಸುವುದು. ಕಥೆಯಾದರೋ ಇನ್ನೊಂದು ಉಪಕಾರವನ್ನು ಮಾಡುವುದು. ಮನೆಯ ಮಾತಿನಲ್ಲಿಲ್ಲದ ಎಷ್ಟೋ ಪದಗಳು ಕಥೆಯಲ್ಲಿ ಬರುವುವು. ಮುಂದೆ ಪುಸ್ತಕದಲ್ಲಿ ಆ ಪದವನ್ನು ಕಂಡಾಗ ಮಗುವಿಗೆ ಹಳೆಯ ನೆಂಟರನ್ನು ಕಂಡಂತಾಗುವುದು. ಕೇಳಿಯೇ ಇರದ ಪದವನ್ನು ಓದುವುದಾದರೆ ಕತ್ತಲೆಯಲ್ಲಿ ತಡಕಾಡಿದ ಹಾಗೆ.

ಮೊಬೈಲಿನಲ್ಲಿಯೂ ಹಾಡು ಕಥೆಗಳಿವೆಯಲ್ಲ ಎಂದು ಕೆಲವರು ಕೇಳಬಹುದು. ಇವೆ, ಚೆನ್ನಾಗಿಯೂ ಇವೆ. ಆದರೆ ಮಗು ನಡುವೆ "ಯಾಕೆ?" ಎಂದರೆ ಅದು ನಿಲ್ಲದು, "ಇನ್ನೊಂದ್ಸಲ ಹುಲಿ ಕೂಗಲಿ" ಎಂದರೆ ಅದಕ್ಕೆ ಕೇಳಿಸದು. ಮಗುವಿನ ಮಾತು ಬೆಳೆಯುವುದು ಉತ್ತರ ಕೊಡುವ ಬಾಯಿಯ ಮುಂದೆ. ಒಂದು ವರ್ಷದೊಳಗಿನ ಕೂಸುಗಳಿಗೆ ಪರದೆಯೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿರುವುದನ್ನು ತಾಯಿತಂದೆಗಳು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಕಣ್ಣಿನ ವಿಚಾರ. ಅಕ್ಷರಗಳನ್ನು ಕಲಿಸುವಾಗ ವರ್ಣಮಾಲೆಯ ಅನುಕ್ರಮವನ್ನೇ ಹಿಡಿಯಬೇಕೆಂಬ ನಿಯಮವೇನೂ ಇಲ್ಲ. ಅ, ಆ, ಇ, ಈ ಎಂಬ ಕ್ರಮವು ವ್ಯಾಕರಣಕ್ಕೆ ಬಹು ಶಾಸ್ತ್ರೀಯವಾದದ್ದು. ಆದರೆ ಹದಿಮೂರು ಸ್ವರಗಳನ್ನು ಕಲಿತು ಮುಗಿಸಿದರೂ ಮಗುವಿಗೆ ಓದಲು 'ಈಎ', 'ಉಓ' ಎಂದಲ್ಲದೆ ಒಂದು ಮಾತೂ ಸಿಕ್ಕದು! 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಉಪಾಧ್ಯಾಯರು ಈ ತೊಡಕನ್ನು ಜಾಣತನದಿಂದ ಬಿಡಿಸಿದರು. ಅಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ ಎಂಬ ಐದಕ್ಷರಗಳನ್ನು. ಬರೆಯಲು ಸುಲಭ, ಮೇಲಾಗಿ ಐದು ಅಕ್ಷರ ಬಂದೊಡನೆ ಸರ, ರಸ, ದರ, ಅರಸ, ಅಗಸ ಎಂದು ಮಗು ನಿಜವಾದ ಮಾತುಗಳನ್ನು ಓದಬಹುದು.

ಮೂರು ತಿಂಗಳ ವಿರಾಮದ ತರುವಾಯ ನಾನು ಹಿಡಿದದ್ದು ಈ ದಾರಿಯನ್ನೇ. ಐದು ರಟ್ಟಿನ ಚೂರುಗಳ ಮೇಲೆ ಐದಕ್ಷರಗಳನ್ನು ದೊಡ್ಡದಾಗಿ ಬರೆದೆನು. ದಿನಕ್ಕೆ ಐದು ಹತ್ತು ನಿಮಿಷದ ಆಟ. ಬೇಡವೆಂದ ದಿನ ಇಲ್ಲ. ಚಿತ್ರಗಳನ್ನು ಬೇಕೆಂದೇ ಬಿಟ್ಟೆನು. ಆ ದಿನಗಳಲ್ಲಿ ನಮ್ಮ ಮನೆಯ ಹಿತ್ತಿಲ ಬಾಗಿಲನ್ನು ಸರಿಮಾಡಲು ಬಡಗಿಯವರು ಬರುತ್ತಿದ್ದರು. ಹುಡುಗನು ಅವರ ಮುಂದೆ ಕುಳಿತರೆ ಊಟಕ್ಕೂ ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ನಾಲ್ಕು ರಟ್ಟುಗಳನ್ನು ಸಾಲಾಗಿ ಅವನ ಮುಂದೆ ನೆಲದ ಮೇಲಿಟ್ಟು ಏನೂ ಹೇಳದೆ ಸುಮ್ಮನಾದೆನು. ಎರಡನೆಯ 'ಗ' ಇರಲಿಲ್ಲವಾಗಿ ಅದೊಂದನ್ನು ಹೊಸದಾಗಿ ಬರೆದಿದ್ದೆನು. ಅವನು ಒಂದೊಂದನ್ನೇ ಬೆರಳಿನಿಂದ ಮುಟ್ಟಿ, "ಗ... ರ... ಗ... ಸ..." ಎಂದನು. ಒಂದು ಕ್ಷಣ ತಡೆದನು. ಆಮೇಲೆ ಬಡಗಿಯವರ ಕೈಯ ಕಡೆಗೆ ತಿರುಗಿ, "ಗರಗಸ! ಅಮ್ಮಾ, ಅಲ್ಲಿದೆ!" ಎಂದು ಕೂಗಿದನು. ಬಡಗಿಯವರೂ ಕೆಲಸ ನಿಲ್ಲಿಸಿ ನಕ್ಕರು. ಅದೇ ಅವನ ಮೊದಲ ಓದು. ವರ್ಣಮಾಲೆಯನ್ನೆಲ್ಲ ಒಪ್ಪಿಸಿದ ದಿನ ಅವನ ಮುಖದಲ್ಲಿ ಕಾಣದ ಬೆಳಕನ್ನು ಆ ದಿನ ಕಂಡೆನು.

ಹೀಗೆಂದ ಮಾತ್ರಕ್ಕೆ ಮುಂದಿನ ದಾರಿಯೆಲ್ಲ ಇಳಿಜಾರಲ್ಲ. ನಮ್ಮ ಲಿಪಿಯ ಕಷ್ಟವಿರುವುದು ಧ್ವನಿಯಲ್ಲಲ್ಲ, ರೂಪಗಳ ಸಂಖ್ಯೆಯಲ್ಲಿ. ಮೂವತ್ತನಾಲ್ಕು ವ್ಯಂಜನಗಳು ಹದಿಮೂರು ಸ್ವರಗಳೊಡನೆ ಕೂಡಿದರೆ 442 ರೂಪಗಳಾದುವು. ಇದರ ಮೇಲೆ ಒತ್ತಕ್ಷರಗಳು. ಒತ್ತುಗಳಲ್ಲಿಯೂ ತ, ಮ, ನ, ಯ, ರ, ಲ ಮೊದಲಾದುವಕ್ಕೆ ಮೂಲಾಕ್ಷರದ ಹೋಲಿಕೆಯೇ ಇಲ್ಲ. ಕನ್ನಡ ಓದುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳೆಲ್ಲ ಕೈವಶವಾಗುವುದಕ್ಕೆ ಶಾಲೆಯ ಮೊದಲ ಒಂದೆರಡು ವರ್ಷಗಳು ಸಾಲವೆಂಬುದನ್ನು ತೋರಿಸಿದೆ. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿನ ಅಳತೆಯನ್ನು ಕನ್ನಡಕ್ಕೆ ಹಿಡಿಯುವುದು ಅನ್ಯಾಯ. ಮೂರನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ದಡ್ಡತನವಲ್ಲ. ನಡೆಯಬೇಕಾದ ದಾರಿಯೇ ಅಷ್ಟು ಉದ್ದ.

ಇಲ್ಲೊಂದು ಸೋಜಿಗವನ್ನು ಗಮನಿಸಿರಿ. ಮಗುವಿಗೆ ಅತ್ಯಂತ ಪ್ರಿಯವಾದ ಮಾತುಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಇವುಗಳಲ್ಲಿ ಒತ್ತಕ್ಷರವಿಲ್ಲದುದು ಒಂದೂ ಇಲ್ಲ! ಒತ್ತಿನ ಪಾಠ ಬರುವ ತನಕ ಮಗು 'ಅಮ್ಮ' ಎಂದು ಓದಕೂಡದೆಂದರೆ ಅದೆಂಥ ವಿದ್ಯೆ? ಇಂಥ ಮಾತುಗಳನ್ನು ಬಿಡಿಸದೆ, ಮುಖವನ್ನು ಗುರುತಿಸುವಂತೆ ಇಡಿಯಾಗಿ ಗುರುತಿಸಲಿ. ತನ್ನ ಹೆಸರನ್ನೂ ಹಾಗೆಯೇ ಗುರುತಿಸಲಿ. ಬಿಡಿಸಿ ಓದುವ ಕಾಲ ಮುಂದೆ ಬರುವುದು.

ಅಕ್ಷರಗಳಿಗೆ ಮನೆಯಲ್ಲಿ ಸ್ಥಳವೂ ಪ್ರಯೋಜನವೂ ಇರಬೇಕು. ಅಡುಗೆಮನೆಯ ಡಬ್ಬಗಳ ಮೇಲೆ ರವೆ, ಬೇಳೆ, ಉಪ್ಪು ಎಂದು ಚೀಟಿ ಅಂಟಿಸಿರಿ. ಬಸ್ಸಿನ ಹಲಗೆ, ಅಂಗಡಿಯ ಹೆಸರು, ಗೋಡೆಯ ಪಂಚಾಂಗ ಇವೆಲ್ಲ ಪುಸ್ತಕಗಳೇ. ಸಾಮಾನಿನ ಪಟ್ಟಿಯನ್ನು ಮಗುವಿನ ಎದುರಿಗೆ, ಗಟ್ಟಿಯಾಗಿ ಹೇಳುತ್ತ ಬರೆಯಿರಿ. ಆ ಚೀಟಿಯನ್ನು ಅದರ ಕೈಯಲ್ಲಿಯೇ ಅಂಗಡಿಯವರಿಗೆ ಕೊಡಿಸಿರಿ. ಅಮ್ಮ ಮನೆಯಲ್ಲಿ 'ಉಪ್ಪು' ಎಂದು ಬರೆದುದನ್ನು ನೋಡಿ, ಏನೂ ಕೇಳದೆ ಅಂಗಡಿಯವರು ಉಪ್ಪನ್ನೇ ಕೊಟ್ಟರೆಂಬುದು ಮಗುವಿಗೆ ಸಣ್ಣ ಆಶ್ಚರ್ಯವಲ್ಲ. ಬರೆಹವೆಂಬುದು ಮಾತನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತುಕೊಂಡು ಹೋಗುವುದು ಎಂಬ ತತ್ತ್ವ ಅದಕ್ಕೆ ತಿಳಿಯುವುದು ಹೀಗೆ.

ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಪುಸ್ತಕ ಓದಿ ಹೇಳುವುದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿರಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸಾಲಿನ ಕೆಳಗೆ ಮೆಲ್ಲಗೆ ಬೆರಳು ಹಾಯಿಸುತ್ತ ಓದಿರಿ. ಮಗು ಕೇಳಿದ ಕಥೆಯನ್ನೇ ಇಪ್ಪತ್ತು ಸಲ ಕೇಳುವುದು, ಬೇಸರಪಡಬೇಡಿರಿ. ಎಂದಾದರೂ ನಿದ್ದೆಯ ಮಂಪರಿನಲ್ಲಿ ನೀವು ಒಂದು ಮಾತನ್ನು ಬಿಟ್ಟಾಗ, "ಹಾಗಲ್ಲಮ್ಮ, ಇಲ್ಲಿ ಬೇರೆ ಇದೆ" ಎಂದು ಮಗು ಬೆರಳಿಟ್ಟರೆ, ಅಂದು ಸಂತೋಷಪಡಿರಿ: ಅಕ್ಷರಗಳಲ್ಲಿ ಮಾತು ಅಡಗಿದೆಯೆಂದು ಅದಕ್ಕೆ ಗೊತ್ತಾಯಿತು. ಪುಸ್ತಕಗಳಿಗೆ ಹಣವಿಲ್ಲವೆನ್ನುವವರೂ ಹಿಂಜರಿಯಬೇಕಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಭಂಡಾರದಲ್ಲಿ ಕನ್ನಡದ ಚಿತ್ರಕಥೆಗಳು ಬೆಲೆಯಿಲ್ಲದೆ ದೊರೆಯುವುವು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡಿವೆ.

ಕಡೆಯದು ಕೈ. ನಾವು ಮೊದಲು ಹಿಡಿಯುವುದೂ, ಕಡೆಗೆ ಹಿಡಿಯಬೇಕಾದುದೂ ಇದೇ. ಮೂರು ನಾಲ್ಕು ವರ್ಷದ ಮಗುವಿನ ಬೆರಳುಗಳು ಬಳಪವನ್ನೋ ಪೆನ್ಸಿಲನ್ನೋ ಬಿಗಿಯಾಗಿ ಹಿಡಿದು ಬರೆಯಲು ಸಿದ್ಧವಾಗಿರುವುದಿಲ್ಲ. ನಮ್ಮ ಹಿರಿಯರು ಅಕ್ಷರಾಭ್ಯಾಸದ ದಿನ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಯಿಸುತ್ತಿದ್ದರು. ಹಳೆಯ ಮಠಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದರು. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದು, 1939ರಲ್ಲಿ ಮದರಾಸಿಗೆ ಬಂದು ನಮ್ಮ ದೇಶದ ಉಪಾಧ್ಯಾಯರಿಗೆ ಶಿಕ್ಷಣವಿತ್ತ ಮರಿಯಾ ಮಾಂಟೆಸೊರಿಯವರು, ಒರಟು ಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳಿಂದ ಬೆರಳಾಡಿಸುತ್ತಿದ್ದರು. ಅಕ್ಕಿಯೂ ಮರಳೂ ಒರಟು ಕಾಗದವೂ ಹೇಳುವ ಮಾತು ಒಂದೇ: ಅಕ್ಷರದ ತಿರುವನ್ನು ಬೆರಳು ಮೊದಲು ಅರಿಯಲಿ, ಬಳಪ ಆಮೇಲೆ ಬರಲಿ. ನಾವು ಆ ತಟ್ಟೆಯ ಅಕ್ಕಿಯನ್ನು ಒಂದು ದಿನದ ಶಾಸ್ತ್ರಕ್ಕೆ ಮಾತ್ರ ಉಳಿಸಿಕೊಂಡು ಮರುದಿನವೇ ಸ್ಲೇಟನ್ನು ಕೈಗೆ ಕೊಡುತ್ತೇವೆ. ನಮ್ಮ ಅಕ್ಷರಗಳೆಲ್ಲ ದುಂಡಗಿನವು. ಕೋಡುಬಳೆ ಹೊಸೆಯುವಾಗ ಮಗುವಿಗೂ ಒಂದು ಹಿಡಿ ಹಿಟ್ಟು ಕೊಡಿರಿ. ಅದು ಬತ್ತಿ ಹೊಸೆದು 'ರ'ಕಾರವನ್ನೂ 'ದ'ಕಾರವನ್ನೂ ಬಾಗಿಸಲಿ. ರಂಗೋಲಿಯಲ್ಲಿ ಬಳೆ, ಅರ್ಧಬಳೆಗಳನ್ನು ಎಳೆಯಲಿ. ಐದು ತುಂಬಿದ ಮೇಲೆ ಬರೆವಣಿಗೆ ತಾನಾಗಿ ಬರುವುದು.

ಈಗ ಪತ್ರ ಬರೆದ ಸೋದರಿಗೆ ನೇರವಾದ ಉತ್ತರ. ಅಮ್ಮಾ, ನಿಮ್ಮ ಮಗನು ಮಂದಬುದ್ಧಿಯವನಲ್ಲ. ನೀವು ಕೊಟ್ಟುದನ್ನು ಅವನು ಚೆನ್ನಾಗಿಯೇ ಕಲಿತಿರುವನು. ಕೊಡಬೇಕಾದುದು ಇನ್ನೂ ಉಳಿದಿದೆ, ಅಷ್ಟೆ. ಸ್ಲೇಟನ್ನು ಕೆಲವು ದಿನ ಎತ್ತಿಡಿರಿ. ಕಥೆ ಹೇಳಿರಿ, ಚಪ್ಪಾಳೆಯ ಆಟ ಆಡಿರಿ. ಆಮೇಲೆ ಐದಕ್ಷರಗಳಿಂದ ತೊಡಗಿರಿ. ಹೊಡೆಯಬೇಡಿರಿ, ಹೋಲಿಸಬೇಡಿರಿ, ಬಂದವರ ಮುಂದೆ ಓದಿಸಬೇಡಿರಿ. ಹೀಗೆ ಸಮಾಧಾನದಿಂದ ಕಲಿಸಿಯೂ ಏಳೆಂಟು ವರ್ಷದ ಹೊತ್ತಿಗೆ ಅಕ್ಷರಗಳು ಕಲಸಿಹೋಗುತ್ತಿದ್ದರೆ, ಮೊದಲು ಕಣ್ಣು ಕಿವಿಗಳನ್ನು ಪರೀಕ್ಷೆ ಮಾಡಿಸಿ, ತರುವಾಯ ಬಲ್ಲ ವೈದ್ಯರನ್ನು ಕೇಳಿರಿ. ಡಿಸ್ಲೆಕ್ಸಿಯ ಎಂಬ ಓದಿನ ತೊಡಕೊಂದುಂಟು. ಅದಕ್ಕೂ ಬುದ್ಧಿಯ ಕೊರತೆಗೂ ಸಂಬಂಧವಿಲ್ಲ, ತಕ್ಕ ಸಹಾಯವೂ ಉಂಟು. ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲಿದ್ದರೂ ಕನ್ನಡದ ಓದನ್ನು ಮನೆಯಲ್ಲಿ ಬಿಡಬೇಡಿರಿ. ಓದೆಂದರೇನೆಂಬುದು ತನ್ನ ಮಾತಿನಲ್ಲಿ ತಿಳಿದ ಮಗುವಿಗೆ ಅದನ್ನು ಇನ್ನೊಂದು ಭಾಷೆಯಲ್ಲಿ ಮೊದಲಿನಿಂದ ಕಲಿಸಬೇಕಾಗಿಲ್ಲ.

ನನ್ನ ಮಗನ ಮಾತನ್ನು ಹೇಳಿ ಮುಗಿಸುತ್ತೇನೆ. ಅವನಿಗೆ ಈಗ ಹನ್ನೆರಡು ವರ್ಷ. ಚೆನ್ನಾಗಿ ಓದಬಲ್ಲನು, ಆದರೆ ತಾನಾಗಿ ಪುಸ್ತಕ ಹಿಡಿಯುವುದು ಅಪರೂಪ. ಅದು ಅವನ ಸ್ವಭಾವವೋ, ಅಡಿಕೋಲಿನ ಫಲವೋ ನಿಶ್ಚಯಿಸಲಾರೆನು. ಆ ಸಂಶಯ ನನ್ನೊಡನೆ ಇರತಕ್ಕದ್ದೇ. ಅವನ ತಂಗಿಗೆ ಐದು ವರ್ಷ. ಅವಳಿಗೆ ಅಕ್ಷರಕ್ಕಿಂತ ಮೊದಲು ಕಥೆ ಬಂತು. ಹೋದ ವಾರ ನನಗೆ ಗಂಟಲು ಕಟ್ಟಿ ರಾತ್ರಿ ಓದಲಾಗಲಿಲ್ಲ. ಅವಳು ಪುಸ್ತಕ ಹಿಡಿದುಕೊಂಡು ಅಣ್ಣನ ಹತ್ತಿರ ಹೋದಳು. ಅವನು ಸ್ವಲ್ಪ ಗೊಣಗಿದನು, ಆಮೇಲೆ ಓದಿದನು. ನಡುವೆ ಒಂದು ಕಡೆ ಅವಳು ತಡೆದು, "ಇದೇನು?" ಎಂದಳು. ನಾನು ಒಳಗಿನಿಂದ ಕೇಳುತ್ತಿದ್ದೆನು. ಅವನು ಹೇಳಿಬಿಡಲಿಲ್ಲ, ಗದರಲೂ ಇಲ್ಲ. "ಒಂದೊಂದೇ ಅಕ್ಷರ ಹೇಳು, ತಾನೇ ಬರುತ್ತೆ" ಎಂದು ಕಾದು ಕುಳಿತನು.